ಸಿಂಹದ ಗದ್ಯಾಣವೂ ಹಾಸನದ ಕುರ್ಚಿಯೂ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ನಾಣ್ಯದ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಯೋಗ್ಯತೆ ಇದ್ದವರು ಆಗ ಇಡೀ ಹಾಸನ ಜಿಲ್ಲೆಯಲ್ಲಿ ಒಬ್ಬರೇ, ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು. ಮಿಕ್ಕ ಸಂಗ್ರಾಹಕರ ಬಳಿ ಇದ್ದದ್ದು ಕೋಟು, ಕನ್ನಡಕ, ಮಖಮಲ್ಲಿನ ಪೆಟ್ಟಿಗೆ. ನಾಣ್ಯವನ್ನು ಹೆಬ್ಬೆರಳಲ್ಲಿ ಸವರಿ ಅದು ಎಷ್ಟು ಸವೆದಿದೆ, ಯಾರಾದರೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರಾ ಅಂತ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಈ ವಯಸ್ಸಿನಲ್ಲಿ ಸುಳ್ಳು ವಿನಯ ತೋರಿಸಿ ನನಗೇನೂ ಆಗಬೇಕಾಗಿಲ್ಲ.

ನಾನು ಸರ್ಕಾರಿ ಹೆರಿಗೆ ಆಸ್ಪತ್ರೆಯ ಮಿಡ್‌ವೈಫ್ ಆಗಿದ್ದವಳು. ಐವತ್ತರ ದಶಕದ ಶುರುವಿನಲ್ಲಿ ಅರಕಲಗೂಡು, ಆಮೇಲೆ ಹೊಳೆನರಸೀಪುರ. ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ. ಓದಿ, ಟ್ರೈನಿಂಗ್ ಮುಗಿಸಿ, ಬಿಳೀ ಸೀರೆ ಉಟ್ಟು ಸಂಬಳದ ಕೆಲಸಕ್ಕೆ ಬಂದೆ. ಊರವರೆಲ್ಲ ನರ್ಸಮ್ಮ ಅನ್ನುತ್ತಿದ್ದರು. ಹೆರಿಗೆ ನೋವು ಶುರುವಾದ ಮನೆಯಲ್ಲಿ ಜಾತಿ ಕೇಳುವವರು ಯಾರೂ ಇರುವುದಿಲ್ಲ. ಸೂತಕ ಇರುವಷ್ಟು ದಿನ ನನಗೆ ಒಳಮನೆಯವರೆಗೂ ದಾರಿ. ಹನ್ನೊಂದನೇ ದಿನ ಪುಣ್ಯಾಹ ಆಗಿ ಮನೆ ಶುದ್ಧವಾಯಿತೋ, ಅಲ್ಲಿಂದಾಚೆಗೆ ಅದೇ ಮನೆಯ ಜಗಲಿಯೇ ನನ್ನ ಗಡಿ. ನನ್ನ ಕೈಯಲ್ಲಿ ಹುಟ್ಟಿದ ಮಗುವಿನ ನಾಮಕರಣದ ಊಟವನ್ನು ನಾನು ಜಗಲಿಯ ಮೂಲೆಯಲ್ಲಿ ಉಂಡಿದ್ದೇನೆ. ಸಿಟ್ಟು ಬರುತ್ತಿತ್ತಾ ಅಂದರೆ ಬರುತ್ತಿತ್ತು. ಪಾಯಸ ಬಿಟ್ಟು ಏಳುತ್ತಿದ್ದೆನಾ ಅಂದರೆ ಇಲ್ಲ.

ನಾಣ್ಯದ ಹುಚ್ಚು ಹತ್ತಿದ್ದು ಕೂಸುಗಳ ಸೊಂಟದಿಂದ. ನಮ್ಮ ಕಡೆ ಮಗುವಿಗೆ ಉಡುದಾರ ಕಟ್ಟುವಾಗ ದೃಷ್ಟಿಗೆ ಅಂತ ಒಂದು ಹಳೇ ತಾಮ್ರದ ಕಾಸನ್ನು ತೂತು ಮಾಡಿ ಪೋಣಿಸುತ್ತಿದ್ದರು. ಎಣ್ಣೆ ನೀರು ಹಾಕುವಾಗ ಆ ಕಾಸು ನನ್ನ ಬೆರಳಿಗೆ ಸಿಗುತ್ತಿತ್ತು. ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ಹನುಮಂತ, ಮತ್ತೊಂದರ ಮೇಲೆ ಯಾರೂ ಓದಲಾಗದ ಅಕ್ಷರ. ಯುದ್ಧದ ಕಾಲದಲ್ಲಿ ಸರ್ಕಾರವೇ ನಡುವೆ ತೂತಿಟ್ಟು ಹೊರಡಿಸಿದ್ದ ಕಾಸುಗಳು ನನ್ನ ಹತ್ತಿರ ಒಂದು ಡಬ್ಬಿ ಇದ್ದವು. "ಇದು ಹೊಳೆಯುತ್ತೆ, ಮಗುವಿಗೆ ಚೆನ್ನಾಗಿರುತ್ತೆ, ಆ ಮಾಸಲು ಕಾಸು ನನಗೆ ಕೊಡಿ" ಅಂದರೆ ತಾಯಂದಿರು ಖುಷಿಯಿಂದ ಬದಲಾಯಿಸಿಕೊಳ್ಳುತ್ತಿದ್ದರು. ಅವರಿಗೂ ಲಾಭ, ನನಗೂ ಲಾಭ. ನಾಲ್ಕೈದು ವರ್ಷದಲ್ಲಿ ಆಸ್ಪತ್ರೆಯ ಹಳೇ ಹತ್ತಿ ಡಬ್ಬಿಯೊಂದು ತುಂಬಿತು.

ಮೇಷ್ಟ್ರು ಪರಿಚಯವಾದದ್ದು ಅವರ ಮಗಳ ಬಾಣಂತನದಲ್ಲಿ. ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಮೊಮ್ಮಗನ ಉಡುದಾರದ ಕಾಸಿನ ಮೇಲೆ ನನಗಿಂತ ಮೊದಲು ಅವರ ಕಣ್ಣು ಬಿದ್ದಿತ್ತು. ಇಬ್ಬರೂ ಒಂದೇ ಕಾಸಿಗೆ ಕೈ ಹಾಕಿ ಸಿಕ್ಕಿಬಿದ್ದೆವು. ಅವರು ನಕ್ಕು, "ನೀನೂ ಇದೇ ಕಸುಬಾ?" ಅಂದರು. ಅವತ್ತಿನಿಂದ ರಜಾ ಸಿಕ್ಕ ಭಾನುವಾರಗಳಲ್ಲಿ ನಾನು ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿ ಅವರ ಬಳಿ ಹಳಗನ್ನಡದ ಅಕ್ಷರ ಓದುವುದನ್ನು ಕಲಿತೆ. ಅವರ ಮನೆಯಲ್ಲಿ ಜಗಲಿ, ಒಳಗೆ ಅನ್ನುವ ಲೆಕ್ಕ ಇರಲಿಲ್ಲ. ಇದ್ದ ಒಂದೇ ಮೇಜಿನ ಎರಡು ಕಡೆ ನಾವಿಬ್ಬರೂ ಕೂರುತ್ತಿದ್ದೆವು.

ಹಾಸನದ ಮಾತು ಬೇರೆ. ಅಲ್ಲಿ ಒಬ್ಬ ವಕೀಲರ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ನಾಣ್ಯ ಸಂಗ್ರಾಹಕರು ಸೇರುತ್ತಿದ್ದರು. ಐದಾರು ಜನ, ಎಲ್ಲ ಗಂಡಸರು, ಅವರಲ್ಲಿ ಜೋರು ಬಾಯಿ ಒಬ್ಬ ಜವಳಿ ಅಂಗಡಿಯವರದ್ದು. ಮೇಷ್ಟ್ರು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರೆಲ್ಲ ನನ್ನ ಹತ್ತಿ ಡಬ್ಬಿಯನ್ನು ಒಳಕ್ಕೆ ಒಯ್ದು ಕುರ್ಚಿಯ ಮೇಲೆ ಕೂತು ನೋಡಿದರು. ನನಗೆ ಜಗಲಿಯಲ್ಲಿ ಚಾಪೆ. ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ. ಡಬ್ಬಿ ಒಳಗೆ, ಡಬ್ಬಿಯ ಒಡತಿ ಹೊರಗೆ! ಮೇಷ್ಟ್ರಿಗೆ ನನಗಿಂತ ಹೆಚ್ಚು ಅವಮಾನವಾಗಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಡಬ್ಬಿಯನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೂತರು.

ಅವರ ಸಪ್ಪೆ ಮುಖ ನೋಡಲಾರದೆ ನಾನು ಅವತ್ತೇ ಸೆರಗಿನ ಗಂಟು ಬಿಚ್ಚಿ, ಯಾರಿಗೂ ತೋರಿಸದಿದ್ದ ಒಂದು ನಾಣ್ಯವನ್ನು ಅವರ ಅಂಗೈಗೆ ಹಾಕಿದೆ. ಬಂಗಾರದ್ದು. ಅರಕಲಗೂಡಿನಲ್ಲಿದ್ದಾಗ ರಾಮನಾಥಪುರದ ಹೊಗೆಸೊಪ್ಪು ಬೆಳೆಯುವ ಮನೆಯೊಂದರಲ್ಲಿ ಕಾಲು ಮುಂದಾಗಿ ಬಂದ ಮಗುವನ್ನು ಉಳಿಸಿದ್ದಕ್ಕೆ ಆ ಮನೆಯ ಮುದುಕಿ ಬೇಡವೆಂದರೂ ಕೈಗೆ ತುರುಕಿದ್ದು. ಸರ್ಕಾರಿ ನೌಕರಳು ಉಡುಗೊರೆ ತಗೊಳ್ಳಬಾರದು ಅಂತ ಯಾರಾದರೂ ಹೇಳಿದರೆ, ಮೊದಲು ಬಂದು ಅಂಥ ಹೆರಿಗೆ ಒಂದನ್ನು ಮಾಡಿಸಲಿ, ಆಮೇಲೆ ಮಾತಾಡೋಣ. ಕೇರಿಯವಳ ಸೆರಗಿನಲ್ಲಿ ಬಂಗಾರ ಕಂಡರೆ ಎಲ್ಲಿ ಕದ್ದೆ ಅನ್ನುವವರೇ ಜಾಸ್ತಿ ಅಂತ ಅದನ್ನು ಮುಚ್ಚಿಟ್ಟಿದ್ದೆ.

ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಡೆ ಸಿಂಹ, ಅದರ ಬೆನ್ನ ಮೇಲೆ ಚಿಕ್ಕದೊಂದು ಸಿಂಹ. ಇನ್ನೊಂದು ಕಡೆ ಮೂರು ಸಾಲು ಕನ್ನಡ. 'ಶ್ರೀ ತಳಕಾಡುಗೊಂಡ' ಅಂತ ಬೆರಳಿಟ್ಟು ಓದಿದರು. ತಲಕಾಡನ್ನು ಗೆದ್ದ ಹೊಯ್ಸಳ ದೊರೆಯ ಗದ್ಯಾಣ. ಪುಸ್ತಕದಲ್ಲಿ ಇದರ ಚಿತ್ರ ನೋಡಿದ್ದೆ, ಕೈಯಲ್ಲಿ ಹಿಡಿಯುತ್ತೇನೆ ಅಂದುಕೊಂಡಿರಲಿಲ್ಲ ಅಂದರು. ಜಿಲ್ಲೆಯಲ್ಲಿ ಇನ್ನೊಬ್ಬರ ಬಳಿ ಇಲ್ಲ ಅಂತಲೂ ಹೇಳಿದರು. ಚನ್ನರಾಯಪಟ್ಟಣ ಬರುವವರೆಗೂ ಅದನ್ನು ನನಗೆ ವಾಪಸ್ಸು ಕೊಡಲಿಲ್ಲ.

ಮುಂದಿನ ತಿಂಗಳು ಹಾಸನದಲ್ಲಿ ನನಗೆ ಕುರ್ಚಿ ಬಂತು. ನಡುಮನೆಯಲ್ಲಿ, ಬೆತ್ತದ ಕುರ್ಚಿ. ವಕೀಲರೇ ಎಳೆದು ಹಾಕಿ, "ಕೂತ್ಕೊಳ್ಳಿ ನರ್ಸಮ್ಮ" ಅಂದರು. ಕಾಫಿ ಎಲ್ಲರ ಜೊತೆಯ ಲೋಟದಲ್ಲೇ ಬಂತು. ಗದ್ಯಾಣ ಕೈಯಿಂದ ಕೈಗೆ ಸುತ್ತಿತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಆ ಕುರ್ಚಿಯಲ್ಲಿ ಕೂತಿರುವುದು ನಾನಲ್ಲ, ನನ್ನ ಗದ್ಯಾಣ ಅಂತ ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಗೊತ್ತಿದ್ದೂ ಸಂತೋಷಪಟ್ಟೆ. ಹೊಟ್ಟೆ ತುಂಬುವಷ್ಟು ಸಂತೋಷ.

ಅಪರೂಪ ಅನ್ನುವುದು ಎಷ್ಟು ಬೇಗ ಕೈ ಬಿಡುತ್ತದೆ ಅಂತ ನೋಡಿದ್ದೂ ಅದೇ ನಡುಮನೆಯಲ್ಲಿ. ಜವಳಿ ಅಂಗಡಿಯವರ ಬಳಿ 'ಹಣ' ಅನ್ನುವ ಪುಟಾಣಿ ಬಂಗಾರದ ನಾಣ್ಯಗಳು, ಅಪರೂಪದ ಒಂದು ಬಗೆಯವು, ಏಳು ಇದ್ದವು. ಒಂದೊಂದೂ ಕಡಲೆಬೇಳೆಯಷ್ಟು. ಮೈಸೂರಿನವರಿಂದ ದುಬಾರಿ ಕೊಟ್ಟು ತಂದು, ಮುಟ್ಟಿದರೆ ಸವೆಯುತ್ತೆ ಅಂತ ನಮ್ಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಒಂದು ಬೇಸಗೆಯಲ್ಲಿ ಚನ್ನರಾಯಪಟ್ಟಣದ ಕಡೆ ಕೆರೆಯ ಹೂಳೆತ್ತುವಾಗ ಒಂದು ಕುಡಿಕೆ ತುಂಬ ಅದೇ ಹಣ ಸಿಕ್ಕಿತು. ಎರಡು ತಿಂಗಳಲ್ಲಿ ಹಳ್ಳಿಯ ಹೆಂಗಸರು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಅವರ ಅಂಗಡಿಗೇ ಬಂದು, ಇದಕ್ಕೆ ಸೀರೆ ಕೊಡ್ತೀರಾ ಅಂತ ಕೇಳತೊಡಗಿದರು. ಆ ಭಾನುವಾರ ಅವರು ವಡೆಯನ್ನೂ ಮುಟ್ಟಲಿಲ್ಲ. "ನಾಣ್ಯದ ಬೆಲೆ ಏರಬೇಕಾದ್ರೆ ಅದರ ಒಡಹುಟ್ಟಿದವು ಸಾಯಬೇಕು ಕಣ್ರೀ" ಅಂದರು. ಮೇಷ್ಟ್ರಿಗೆ ರೇಗಿತು. "ಒಂದು ನಾಣ್ಯ ಅಂದ್ರೆ ಒಬ್ಬ ಸಾಕ್ಷಿ. ಕುಡಿಕೆ ಅಂದ್ರೆ ಊರಿಗೆ ಊರೇ ಬಂದು ಸಾಕ್ಷಿ ಹೇಳಿದ ಹಾಗೆ. ನಿಮಗೆ ಬೆಲೆ ಬೇಕೋ, ವಿಷಯ ಬೇಕೋ?" ಅಂದರು. ನಾನು ಮೇಷ್ಟ್ರ ಪರವಾಗಿ ತಲೆ ಆಡಿಸಿದೆ. ಊರವರ ಮನೆ ಸುಡುವಾಗ ಧರ್ಮ ಹೇಳುವುದು ಬಹಳ ಸುಲಭ.

ಇನ್ನು ನನ್ನ ಸರದಿ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹರದನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಹೊಲ ಗದ್ದೆ ಚೆನ್ನಾಗಿದ್ದ ಒಕ್ಕಲು ಮನೆಯಲ್ಲಿ, ಸೊಸೆಗೆ ಮೊದಲ ಹೆರಿಗೆ ಮಾಡಿಸಿದೆ. ಗಂಡು ಮಗು. ಮೂರನೇ ದಿನ ಹೊಕ್ಕುಳು ನೋಡಲು ಹೋದಾಗ ಆ ಮನೆಯ ಅಜ್ಜಿ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಗೊಂತಿನ ಹಿಂದೆ ಹುಲ್ಲು ಸರಿಸಿ ಬಾಯಿ ಒಡೆದ ಒಂದು ಮಡಕೆ ತೋರಿಸಿದಳು.

"ಗೊಬ್ಬರದ ಗುಂಡಿ ತೋಡೋವಾಗ ಸಿಕ್ತು ಕಣವ್ವ. ಕೂಸು ಉಟ್ಟಿದ್ ದಿವ್ಸಾನೇ. ಇದೇನು ಅಂತ ನಿಂಗೇನಾರ ಗೊತ್ತಾ?" ಅಂತ ಒಂದನ್ನು ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟಳು.

ಸಿಂಹ, ಬೆನ್ನ ಮೇಲೆ ಚಿಕ್ಕ ಸಿಂಹ. ಮೂರು ಸಾಲು. ಮಡಕೆಯ ತಳದಲ್ಲಿ ಇನ್ನೂ ಐವತ್ತರಷ್ಟು.

ನನ್ನ ಕಣ್ಣ ಮುಂದೆ ಬಂದದ್ದು ದೊರೆಯಲ್ಲ, ತಲಕಾಡಲ್ಲ. ಜವಳಿ ಅಂಗಡಿಯವರ ಆ ಭಾನುವಾರದ ಮುಖ, ಆಮೇಲೆ ವಕೀಲರ ಮನೆಯ ಜಗಲಿಯ ಚಾಪೆ. ಕುರ್ಚಿ ಹೋಯಿತು ಅಂದುಕೊಂಡೆ. ಏನೂ ಗೊತ್ತಿಲ್ಲದವಳ ಹಾಗೆ, "ಯಾವುದೋ ಹಳೇದು ಅಜ್ಜಿ. ಏನು ಮಾಡ್ತೀರಾ?" ಅಂತ ಕೇಳಿದೆ.

"ಮಣ್ಣಾಗಿದ್ ಚಿನ್ನ. ಬೆಂಕಿ ಕಾಣಿಸ್ದೆ ಕೂಸಿರೋ ಮನೆ ಒಳೀಕೆ ತರಂಗಿಲ್ಲ. ಯಾರ್ ಊತಿಟ್ರೋ, ಏನ್ ಸಂಕಟ ಪಟ್ಟಿದ್ರೋ, ಅವ್ರ ಉಸ್ರು ಅದ್ರಾಗಿರ್ತದೆ. ಆಚಾರಿಗೆ ಏಳಿವ್ನಿ. ಆರ್ನೇ ದಿವ್ಸಕ್ಕೆ ಬಂದು ಕರಗಿಸ್ಕೊಡ್ತಾನೆ. ಯಾರ್ಗೂ ಬಾಯ್ ಬಿಡ್ಬ್ಯಾಡ ಕಣವ್ವ."

ನಮ್ಮ ಕಡೆಯ ನಂಬಿಕೆ ಅದು. ನೆಲದಲ್ಲಿ ಸಿಕ್ಕ ಬಂಗಾರ ಬೆಂಕಿ ಹಾಯ್ದು ಬಂದರೆ ಅದರ ದೋಷ ಸುಟ್ಟುಹೋಗುತ್ತದೆ. ನಿಧಿ ಸಿಕ್ಕರೆ ತಾಲ್ಲೂಕಿನ ಅಮಲ್ದಾರರ ಕಚೇರಿಗೆ ತಿಳಿಸಬೇಕು ಅನ್ನುವ ಕಾನೂನು ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅವಳಿಗೆ ಅಮಲ್ದಾರರಿಗಿಂತ ಹೂತಿಟ್ಟವರ ಉಸಿರಿನ ಭಯ ಹೆಚ್ಚು. ಹೀಗೆ ಎಷ್ಟು ಮಡಕೆಗಳು ಅಕ್ಕಸಾಲಿಯ ಮೂಸೆಗೆ ಬಿದ್ದವೋ, ಅದರಿಂದಲೇ ನನ್ನದು ಒಂಟಿಯಾಗಿ ಉಳಿದಿತ್ತು. ನಾನು ಸಂಗ್ರಾಹಕಿ ಅಂತ ಹೆಮ್ಮೆಪಡುತ್ತಿದ್ದ ಅಪರೂಪವನ್ನು ಮಾಡಿಕೊಟ್ಟವರು ಇಂಥ ಅಜ್ಜಿಯರು.

"ಹೆರಿಗೆ ಮನೆ ಗುಟ್ಟು ನನ್ನ ಬಾಯಲ್ಲಿ ಬರಲ್ಲ ಅಜ್ಜಿ" ಅಂದೆ. ಸತ್ಯವಾದ ಮಾತೇ. ಏಳೆಂಟು ವರ್ಷದಲ್ಲಿ ಯಾರ ಮನೆಯ ಮಾತನ್ನೂ ಇನ್ನೊಂದು ಮನೆಗೆ ಒಯ್ದವಳಲ್ಲ. ಆವತ್ತು ಆ ಒಳ್ಳೆಯ ಗುಣವನ್ನೇ ಹೊದ್ದುಕೊಂಡು ಮಲಗಿದೆ. ಮೂರನೇ ದಿನಕ್ಕೂ ಆರನೇ ದಿನಕ್ಕೂ ನಡುವೆ ಬೇಕಾದಷ್ಟು ಸಮಯ ಇತ್ತು. ಚನ್ನರಾಯಪಟ್ಟಣಕ್ಕೆ ಬಸ್ಸಿತ್ತು. ಅಮಲ್ದಾರರ ಕಚೇರಿ ನಮ್ಮ ಆಸ್ಪತ್ರೆಯಿಂದ ಕೂಗಳತೆ. ನಾನು ಎಲ್ಲಿಗೂ ಹೋಗಲಿಲ್ಲ. ಆರನೇ ದಿನ ಆ ಮನೆಗೆ ಹೋಗಬೇಕಾದ ಸರದಿ ನನ್ನದೇ ಆಗಿತ್ತು. ತಲೆನೋವು ಅಂತ ಹೇಳಿ ಆಯಾಳನ್ನು ಕಳಿಸಿದೆ. ತಲೆ ಚೆನ್ನಾಗಿಯೇ ಇತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ.

ಎಂಟನೇ ದಿನ ಹೋದೆ. ಹೊಕ್ಕುಳು ಉದುರಿತ್ತು, ಮಗು ಚೆನ್ನಾಗಿತ್ತು. ಅಂಗಳದಲ್ಲಿ ಆಚಾರಿ ಬಂದು ಕೂತಿದ್ದ ಗುರುತು, ಇದ್ದಿಲು, ಬೂದಿ, ಒಂದು ಒಡೆದ ಮೂಸೆ. ಅಜ್ಜಿ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ ಹಚ್ಚಿದ ಒಂದು ಬಂಗಾರದ ಗುಂಡು ತಂದು ತೋರಿಸಿದಳು. ಗಾತ್ರದಲ್ಲಿ ಒಂದು ಗೋಟಡಿಕೆ. "ಮೂವತ್ತೊಂದು ಕರಗ್ದೋ. ಅಷ್ಟೊತ್ಗೆ ಒತ್ತು ಮುಳುಗ್ತು. ಮಾರ್ನೆ ದಿವ್ಸ ಅಮಾಸೆ, ಬೆಂಕಿ ಮುಟ್ಟಾಕಿಲ್ಲ ಅಂದ್ಬುಟ್ಟ. ಉಳಿದಿದ್ದಕ್ಕೆ ನಾಳೀಕೆ ಬತ್ತಾನೆ" ಅಂದಳು.

ಮೂವತ್ತೊಂದು ಗದ್ಯಾಣ, ಒಂದು ಅಡಿಕೆ. ಅದನ್ನು ಕೈಗೆತ್ತಿಕೊಂಡೆ. ಗಾತ್ರಕ್ಕಿಂತ ಭಾರ ಇತ್ತು. ಸಿಂಹ ಇರಲಿಲ್ಲ, ಅಕ್ಷರ ಇರಲಿಲ್ಲ, ಯಾರು ಹೊಡೆಸಿದರು, ಯಾರು ಹೂತರು ಅಂತ ಹೇಳುವುದಕ್ಕೆ ಒಂದು ಗೆರೆಯೂ ಇರಲಿಲ್ಲ. ನನಗೆ ಬೇಕಾದದ್ದು ಇದೇ ತಾನೇ ಅಂತ ನನ್ನನ್ನೇ ಕೇಳಿಕೊಂಡೆ. ನಾಚಿಕೆ ಅಂದರೆ ಏನು ಅಂತ ಆ ಅಂಗಳದಲ್ಲಿ ನನಗೆ ಗೊತ್ತಾಯಿತು. ಅದಕ್ಕೂ ಮೊದಲು ನನ್ನನ್ನು ನಾಚಿಸಿದವರೆಲ್ಲ ಬೇರೆಯವರು.

ನಾಚಿಕೊಂಡು ಮೂಲೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕೈಚೀಲ ತೆರೆದು ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ ಹೊರಗೆ ತೆಗೆದೆ.

"ಅಜ್ಜಿ, ಇದು ಎಷ್ಟು ಮನೆ ಸೂತಕ ಕಂಡಿದೆ ಗೊತ್ತಾ? ಸತ್ತ ಕೂಸಿನ ಬಳ್ಳಿಯನ್ನೂ ಕತ್ತರಿಸಿದೆ. ನಿನ್ನ ಮೊಮ್ಮಗನಿಗೂ ಇದೇ ಕತ್ತರಿ. ಅದರ ದೋಷ ನಾನು ಹೆಂಗೆ ಕಳೆದೆ?"

"ಬಿಸ್ನೀರಾಗೆ ಕುದಿಸ್ದೆ. ನಾನೇ ಒಲೆ ಮ್ಯಾಲೆ ಮಡ್ಗಿದ್ನಲ್ಲವ್ವ."

"ಕುದಿಸಿದೆ ತಾನೇ? ಕರಗಿಸಲಿಲ್ಲವಲ್ಲ? ಬೆಂಕಿ ಕಾಣಿಸಬೇಕು ಅಂದರು ನಿಮ್ಮ ಹಿರಿಯರು. ನೀರು ಮಾಡಬೇಕು ಅಂದರಾ?"

ಅಜ್ಜಿಗೆ ನಗು ಬಂತು. "ಅಯ್ಯೋ ನಿನ್ ಮನೆ ಕಾಯ್ವಾಗ! ಅಂಗಾದ್ರೆ ಆಚಾರಿಗೆ ಕೊಡೋ ಕೂಲಿನೂ ಉಳೀತದೆ" ಅಂದಳು. ಅವಳೇ ಕೆಂಡ ತಂದು ಕಬ್ಬಿಣದ ಬಾಣಲೆಯಲ್ಲಿ ಉಳಿದ ಇಪ್ಪತ್ತಮೂರು ಗದ್ಯಾಣಗಳನ್ನು ಹರಡಿ ಬಿಸಿ ಮಾಡಿದಳು, ಹುರುಳಿ ಹುರಿಯುವ ಹಾಗೆ. ಮನೆಯ ಯಜಮಾನರು, ಅಂದರೆ ಅಜ್ಜಿಯ ಮಗ, ಬಂದು ತಲೆ ಕೆರೆದುಕೊಂಡು ನಿಂತರು. ಅವರಿಗೆ ಪೊಲೀಸಿನ ಭಯ. "ನಾಳೆ ಅಮಲ್ದಾರರ ಹತ್ತಿರ ನೀವಾಗಿ ಕೊಟ್ಟರೆ ಇನಾಮು, ಅವರಾಗಿ ಬಂದರೆ ಬೇಡಿ. ಯಾವುದು ಬೇಕೋ ಆರಿಸಿಕೊಳ್ಳಿ" ಅಂದೆ. ಗಂಡಸರಿಗೆ ಎರಡೇ ದಾರಿ ತೋರಿಸಿದರೆ ಬೇಗ ನಡೆಯುತ್ತಾರೆ.

ಸಂಜೆಯ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋಗಿ ಮೇಷ್ಟ್ರಿಗೆ ವಿಷಯ ಹೇಳಿದೆ. ಮಡಕೆ ಸಿಕ್ಕಿದೆ, ಅರ್ಧ ಕರಗಿದೆ, ಅರ್ಧ ಉಳಿದಿದೆ ಅಂದೆ. ನನಗೆ ಯಾವಾಗ ಗೊತ್ತಾಯಿತು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾರನೇ ದಿನ ಅವರೇ ಅರ್ಜಿ ಬರೆದರು. ಅಮಲ್ದಾರರ ಎದುರು ಮಹಜರು ಆಯಿತು. ಇಪ್ಪತ್ತಮೂರನ್ನೂ ಮೇಜಿನ ಮೇಲೆ ಜೋಡಿಸಿದಾಗ ಮೇಷ್ಟ್ರು ಒಂದೊಂದನ್ನೇ ಎತ್ತಿ ಓದಿದರು. ಅವರ ಬಳಿ ಜೀವನದಲ್ಲಿ ಒಂದು ಬಂಗಾರದ ನಾಣ್ಯವೂ ಇರಲಿಲ್ಲ. ಆದರೂ ಅವತ್ತು ಅವರಷ್ಟು ಶ್ರೀಮಂತರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಕರಗಿದ್ದು ಯಾವ ಕಾಗದದಲ್ಲೂ ಬರಲಿಲ್ಲ, ನಾನೂ ಎತ್ತಲಿಲ್ಲ.

ಸುದ್ದಿ ಹಾಸನಕ್ಕೆ ನಮಗಿಂತ ಮೊದಲು ಹೋಗಿತ್ತು. ಆ ತಿಂಗಳ ಭಾನುವಾರ ವಕೀಲರ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಕಾಲು ಜಗಲಿಯ ಚಾಪೆಯನ್ನು ಹುಡುಕುತ್ತಿತ್ತು ಅಂದರೆ ಸುಳ್ಳಲ್ಲ. ಚಾಪೆ ಇರಲಿಲ್ಲ. ಬೆತ್ತದ ಕುರ್ಚಿ ಇದ್ದಲ್ಲೇ ಇತ್ತು. ಜವಳಿ ಅಂಗಡಿಯವರು, "ಬನ್ನಿ ನರ್ಸಮ್ಮ, ನಿಮ್ಮ ಗದ್ಯಾಣ ಇನ್ನು ಸಂತೇಲಿ ಸಿಗುತ್ತೆ. ನನ್ನ ಏಳು ಹಣದ ಜೊತೆ ಅದನ್ನೂ ಒಂದು ಡಬ್ಬಿಗೆ ಹಾಕಿಡಿ" ಅಂತ ಕಿಚಾಯಿಸಿದರು. ಬೆಂಗಳೂರಿನ ವ್ಯಾಪಾರಿಯೊಬ್ಬ ಅದಕ್ಕೆ ಬೆಲೆ ಹೇಳಿ ಕಾಗದ ಬರೆದಿದ್ದವನು ಆಮೇಲೆ ಉತ್ತರವನ್ನೇ ಬರೆಯಲಿಲ್ಲ. ಇಷ್ಟಾದರೂ ಕಾಫಿ ಅದೇ ಲೋಟದಲ್ಲಿ ಬಂತು. ವಕೀಲರು ಒಂದು ಹೊಸ ತಾಮ್ರದ ಕಾಸು ತಂದು, ಇದು ಯಾರ ಕಾಲದ್ದು ನೋಡಿ ಹೇಳಿ ಅಂತ ನನ್ನನ್ನೇ ಕೇಳಿದರು. ಎರಡು ವರ್ಷದಿಂದ ಆ ಮನೆಯಲ್ಲಿ ನಾನು ಹೇಳುತ್ತಿದ್ದ ಮಾತುಗಳು ಅವರ ಕಿವಿಗೆ ಬಿದ್ದಿದ್ದವು. ನನಗೇ ಅದು ಗೊತ್ತಿರಲಿಲ್ಲ. ಹೆದರಿದ್ದೆಲ್ಲ ದಂಡಕ್ಕೆ ಹೋಯಿತು. ಆ ಹೆದರಿಕೆಗೆ ಬಲಿಯಾದದ್ದು ಮೂವತ್ತೊಂದು.

ಆದರೂ ಆಗ ನಾನು ಅಷ್ಟೊಂದು ಕೊರಗಲಿಲ್ಲ. ಹೇಗೂ ಎಲ್ಲ ಒಂದೇ ಬಗೆಯವು, ಮೂವತ್ತೊಂದು ಹೋದರೂ ಇಪ್ಪತ್ತಮೂರು ಉಳಿಯಿತಲ್ಲ ಅಂತ ಸಮಾಧಾನ. ಸಂಗ್ರಾಹಕರ ಸಮಾಧಾನ ಅಂದರೆ ಹೀಗೇ ಇರುತ್ತದೆ.

ಎರಡು ತಿಂಗಳು ಕಳೆದ ಮೇಲೆ ಆ ಆಚಾರಿ ತನ್ನ ಹೆಂಡತಿಯನ್ನು ಹೆರಿಗೆಗೆ ನಮ್ಮ ಆಸ್ಪತ್ರೆಗೆ ಸೇರಿಸಿದ. ಹೊರಗಡೆ ಬೆಂಚಿನ ಮೇಲೆ ಕೂತಿದ್ದವನನ್ನು ಸುಮ್ಮನೆ ಮಾತಿಗೆಳೆದೆ. ಕರಗಿಸಿದವೆಲ್ಲ ಸಿಂಹದವೇ ತಾನೇ ಅಂದೆ.

"ಊಂ ಕಣ್ರವ್ವ, ಎಲ್ಲ ಸಿಂಹದವೇ. ನಾಕು ಮಾತ್ರ ಬ್ಯಾರೆ ಇದ್ವು. ಒಬ್ಬ ನಿಂತ್ಕೊಂಡು ಉಲಿ ತಿವೀತಾವ್ನೆ. ಮೊಸಳೆ ಊರಿನ ದೇವಸ್ಥಾನದ ಮ್ಯಾಲೆ ಐತಲ್ಲ, ಅಂಗೆ. ಸಣ್ಣದು, ಬಲು ಪಸಂದಾಗಿತ್ತು. ನಾನೂ ಒಂದ್ ಗಳಿಗೆ ನೋಡ್ದೆ. ಅಜ್ಜಿ ಮುಂದೇನೇ ಕೂತಿದ್ಲು, ಆಕ್ದೆ ಮೂಸೆಗೆ."

ನಾನು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತುಬಿಟ್ಟೆ. ಹುಲಿಯನ್ನು ತಿವಿಯುವ ಆ ವೀರ ನಮ್ಮ ಕಡೆಯ ಹೊಯ್ಸಳ ಗುಡಿಗಳ ನೆತ್ತಿಯ ಮೇಲೆಲ್ಲ ಇದ್ದಾನೆ. ಕಲ್ಲಿನಲ್ಲಿ ಇಷ್ಟು ಕೆತ್ತಿದವರು ನಾಣ್ಯದ ಮೇಲೆ ಯಾಕೆ ಹೊಡೆಸಲಿಲ್ಲ, ಇಂಥದ್ದೊಂದನ್ನು ಕಂಡೆ ಅಂದವರನ್ನು ನಾನು ನೋಡಿಲ್ಲ ಅಂತ ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಅಂಥವು ನಾಲ್ಕಿದ್ದವು. ನನ್ನ ಒಂಟಿ ಗದ್ಯಾಣದ ಮಾನ ಕಾಪಾಡಲು ನಾನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲದ್ದು ಅಷ್ಟರಲ್ಲಿ ಆ ಅಡಿಕೆಯೊಳಗೆ ಸೇರಿಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಮೇಷ್ಟ್ರಿಗೆ ಆಚಾರಿಯ ಮಾತನ್ನು ಹೇಳಿದೆ. ಅವರು ಎದ್ದು ಹೋಗಿ ತಮ್ಮ ದೊಡ್ಡ ಪುಸ್ತಕ ತಂದರು. ಜಿಲ್ಲೆಯಲ್ಲಿ ಕಂಡ ಒಂದೊಂದು ಬಗೆಯ ನಾಣ್ಯಕ್ಕೂ ಅದರಲ್ಲಿ ಒಂದು ಪುಟ ಇಟ್ಟಿದ್ದರು. ಖಾಲಿ ಪುಟ ತೆರೆದು ಪೆನ್ನು ನನ್ನ ಕೈಗೆ ಕೊಟ್ಟರು. "ನನ್ನ ಕೈಯಲ್ಲಿ ಆಗಲ್ಲ. ನೀನೇ ಬರಿ."

ಲೋಹ ಬಂಗಾರ. ಸಂಖ್ಯೆ ನಾಲ್ಕು. ತೂಕ ಗೊತ್ತಿಲ್ಲ. ಬರಹ ಗೊತ್ತಿಲ್ಲ. ಕಂಡವರು ಅಕ್ಕಸಾಲಿ ಒಬ್ಬ. ಈಗ ಎಲ್ಲಿದೆ ಅನ್ನುವ ಕಡೆ 'ಕರಗಿತು' ಅಂತ ಬರೆಸಿ, "ಅಷ್ಟೇ, ಮುಗೀತು" ಅಂದರು. ನಾನು ಪೆನ್ನು ಕೆಳಗಿಡಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದೆ. ಈ ಮಡಕೆಯ ವಿಷಯ ಕರಗಿಸುವುದಕ್ಕೆ ಮೂರು ದಿನ ಮುಂಚೆ ನನಗೆ ಗೊತ್ತಿತ್ತು, ನನ್ನ ನಾಣ್ಯ ಒಂದೇ ಆಗಿರಲಿ ಅಂತ ಹೇಳಲಿಲ್ಲ. ಕೆಳಗೆ ಸಹಿ ಹಾಕಿದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಗೆ ಶಾಯಿ ಆರಲಿ ಅಂತ ಪುಸ್ತಕವನ್ನು ತೆರೆದೇ ಇಟ್ಟು, "ಹಾಸನದವರಿಗೂ ಇದು ಗೊತ್ತಾಗಬೇಕು. ಓದ್ತೀಯಾ?" ಅಂತ ಕೇಳಿದರು. ಓದುತ್ತೇನೆ ಅಂದೆ.

ಮುಂದಿನ ಸಭೆಯಲ್ಲಿ ಆ ಪುಟವನ್ನು ಕೊನೆಯ ಸಾಲಿನವರೆಗೂ, ಸಹಿಯ ಸಮೇತ ಓದಿದೆ. ಜಗಲಿಗೆ ಕಳಿಸುವುದಾದರೆ ಈ ಸಲ ಸರಿಯಾದ ಕಾರಣಕ್ಕೆ ಕಳಿಸಲಿ ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ವಕೀಲರು ಮೇಜಿನ ಮೇಲಿನ ನಾಣ್ಯಗಳನ್ನು ನೋಡುತ್ತಾ ಕೂತರು. ಜವಳಿ ಅಂಗಡಿಯವರು ಮಾತ್ರ ತಡೆಯಲಾರದೆ, "ಯಾಕೆ ಬರೆದ್ರಿ ನರ್ಸಮ್ಮ? ಯಾರಿಗೂ ಗೊತ್ತಾಗ್ತಾ ಇರಲಿಲ್ಲವಲ್ಲ" ಅಂದರು.

"ಹೆರಿಗೆಯಲ್ಲಿ ಕೂಸು ಹೋದರೆ ರಿಜಿಸ್ಟರಿನಲ್ಲಿ ಕಾರಣ ಅಂತ ಒಂದು ಕಾಲಂ ಇರುತ್ತೆ ಸ್ವಾಮಿ" ಅಂದೆ. "ಅದನ್ನು ನಾನು ಯಾವತ್ತೂ ಖಾಲಿ ಬಿಟ್ಟವಳಲ್ಲ."